ಹಳೆಯ ಪೆಟ್ಟಿಗೆಗೆ ಹೊಸ ಹಿಡಿ

ಇತಿಹಾಸವೆಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿಗೆ ಬರುವುವು ಶಿಲಾಶಾಸನಗಳು, ತಾಮ್ರಪಟಗಳು, ನಾಣ್ಯಗಳು, ಕೋಟೆಕೊತ್ತಲಗಳು. ಅರಸರ ಚರಿತ್ರೆಗೆ ಇವೇ ಮುಖ್ಯ ಆಧಾರಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಗೃಹಸ್ಥನ ಮನೆಯ ಚರಿತ್ರೆಯನ್ನು ಕಲ್ಲಿನಲ್ಲಿ ಕಡೆದಿಟ್ಟವರಾರು? ಅದನ್ನು ಅರಿಯಬೇಕೆಂಬವನು ಬಾಗಿಲಿನ ಚಿಲಕ, ಸಂದೂಕದ ಬೀಗ, ಮೇಜಿನ ಖಾನೆಯ ಹಿಡಿ ಮೊದಲಾದ ಅಲ್ಪವಸ್ತುಗಳನ್ನೇ ಸಾಕ್ಷಿಗೆ ಕರೆಯಬೇಕಾಗುತ್ತದೆ. ಅಂಥ ಸಾಕ್ಷಿಗಳಲ್ಲಿ ಒಂದಾದ ಖಾನೆಯ ಹಿಡಿಯನ್ನು ಕುರಿತು, ಅದು ಕಳೆದುಹೋದಾಗ ಅದರ ಸ್ಥಾನದಲ್ಲಿ ಬೇರೊಂದನ್ನು ಹುಡುಕಿ ತರುವ ಅಥವಾ ಮಾಡಿಸುವ ಕಾರ್ಯವನ್ನು ಕುರಿತು, ಈ ಲೇಖನದಲ್ಲಿ ಕೆಲವು ಮಾತುಗಳನ್ನು ಹೇಳಬೇಕೆಂದಿರುವೆವು.

ಈ ವಿಷಯದಲ್ಲಿ ನಮಗೆ ಆಸಕ್ತಿ ಹುಟ್ಟಿದ ಬಗೆಯನ್ನು ಮೊದಲು ತಿಳಿಸುವುದು ಉಚಿತವಾಗಿದೆ. ನಮ್ಮ ಮನೆಯಲ್ಲಿ ತೇಗದ ಮರದ ಒಂದು ಖಾನೆಪೆಟ್ಟಿಗೆಯುಂಟು. ಒಂದರ ಮೇಲೊಂದರಂತೆ ನಾಲ್ಕು ಸೆಳೆಖಾನೆಗಳು. ಒಂದೊಂದಕ್ಕೆ ಎರಡೆರಡರಂತೆ ಎಂಟು ಹಿತ್ತಾಳೆಯ ಹಿಡಿಗಳು. ನಮ್ಮ ಹಿರಿಯರು ಇದನ್ನು ಯಾವುದೋ ಬಂಗಲೆಯ ಹರಾಜಿನಲ್ಲಿ ಕೊಂಡು ತಂದರೆಂದು ಮನೆಯಲ್ಲಿ ಹೇಳುವುದುಂಟು. ಎಂಟು ಹಿಡಿಗಳಲ್ಲಿ ಒಂದು ಎಂದೋ ಕಳಚಿಬಿದ್ದು ಕಾಣೆಯಾಯಿತು. ಕರೆಸಿದ ಬಡಗಿಯು ಪೆಟ್ಟಿಗೆಯನ್ನು ಒಮ್ಮೆ ನೋಡಿ, "ಒಂದು ಹಿಡಿಗಾಗಿ ಪೇಟೆಯನ್ನೆಲ್ಲ ಸುತ್ತುವುದೇಕೆ? ಉಳಿದ ಏಳನ್ನೂ ಕಿತ್ತು ಹೊಸ ಎಂಟನ್ನು ಕೂಡಿಸೋಣ. ಹಳೆಯ ತೂತುಗಳಿಗೆ ಮೇಣವನ್ನು ತುಂಬಿ ಬಣ್ಣವನ್ನು ಒರಸಿದರೆ ಯಾರಿಗೂ ತಿಳಿಯದು" ಎಂದನು. ಅವನ ಸಲಹೆಯಲ್ಲಿ ಕೆಡುಕೇನೂ ಇರಲಿಲ್ಲ; ಖರ್ಚೂ ಕಡಿಮೆ. ಆದರೆ "ಯಾರಿಗೂ ತಿಳಿಯದು" ಎಂಬ ಆ ಕೊನೆಯ ಮಾತು ನಮ್ಮನ್ನು ತಡೆಯಿತು. ತಿಳಿಯಬೇಕಾದುದು ಏನಿದ್ದಿತು, ಮೇಣದ ಕೆಳಗೆ ಹೂತುಹೋಗುವುದು ಯಾವುದು ಎಂದು ವಿಚಾರಿಸತೊಡಗಿದೆವು.

ಸೆಳೆಖಾನೆಗಳುಳ್ಳ ಪೆಟ್ಟಿಗೆಯು ನಮ್ಮ ನಾಡಿನ ಹಳೆಯ ವಸ್ತುವಲ್ಲ. ನಮ್ಮ ಪೂರ್ವಿಕರ ಸಂದೂಕಕ್ಕೆ ಮೇಲೆ ಮುಚ್ಚಳ, ಎತ್ತಲು ಎರಡು ಕಡೆ ಬಳೆ, ಮುಂದೆ ಚಿಲಕ, ಇಷ್ಟಿದ್ದರೆ ಸಾಕಾಗಿತ್ತು. ಖಾನೆಪೆಟ್ಟಿಗೆಯು ಇಂಗ್ಲಿಷರೊಡನೆ ಬಂದಿತು. ಅವರ ಮಾದರಿಗಳನ್ನು ನೋಡಿ ಇಲ್ಲಿಯ ಬಡಗಿಗಳು ಇಲ್ಲಿಯ ಮರದಿಂದ ಅವನ್ನು ಕಟ್ಟಿದರು. ಆದುದರಿಂದ ಅದರ ಹಿಡಿಯ ವಂಶಾವಳಿಯನ್ನು ತಿಳಿಯಬೇಕಾದರೆ ಇಂಗ್ಲೆಂಡಿಗೇ ಹೋಗಬೇಕು. ಅಲ್ಲಿ ಈ ಸಣ್ಣ ವಸ್ತುವು ಸುಮಾರು ಇನ್ನೂರು ವರ್ಷಗಳ ಅವಧಿಯಲ್ಲಿ ಐದಾರು ರೂಪಗಳನ್ನು ತಾಳಿತು. ಪ್ರತಿಯೊಂದು ರೂಪವೂ ಮರದಲ್ಲಿ ತನ್ನದೇ ಆದ ಗುರುತನ್ನು ಬಿಟ್ಟುಹೋಯಿತು.

1660ರಲ್ಲಿ ಎರಡನೆಯ ಚಾರ್ಲ್ಸನು ದೇಶಾಂತರದಿಂದ ಮರಳಿ ಇಂಗ್ಲೆಂಡಿನ ಸಿಂಹಾಸನವನ್ನೇರಿದ ತರುವಾಯ ಆ ದೇಶದ ಶ್ರೀಮಂತರ ಮನೆಗಳಲ್ಲಿ ಹೊಸ ಬಗೆಯ ಪೀಠೋಪಕರಣಗಳು ಬಳಕೆಗೆ ಬಂದುವು. ಓಕ್ ಮರದ ದಪ್ಪ ಪೆಟ್ಟಿಗೆಗಳ ಸ್ಥಾನದಲ್ಲಿ ಅಕ್ರೋಟು ಮರದ ತೆಳುವಾದ ಹೊದಿಕೆಯುಳ್ಳ ನಯವಾದ ಖಾನೆಪೆಟ್ಟಿಗೆಗಳು ಬಂದುವು. ಅಂಥ ಮುಖಕ್ಕೆ ಮರದ ಗುಬುಟಾಗಲಿ ಕಬ್ಬಿಣದ ಕೊಂಡಿಯಾಗಲಿ ಒಪ್ಪದೆ ಹಿತ್ತಾಳೆಯ ತೊಂಗಲುಹಿಡಿಯು ಬಂದಿತು. ಇದು ಹನಿಯ ಆಕಾರದಲ್ಲಿ ಒಂದು ಸಣ್ಣ ತಗಡಿನ ಮುಂದೆ ತೂಗುತ್ತಿತ್ತು. ಇದನ್ನು ಮರಕ್ಕೆ ಬಿಗಿಯುತ್ತಿದ್ದ ಕ್ರಮವು ಬಹು ಸರಳವಾದುದು. ಮಡಿಚಿದ ಒಂದು ತಂತಿಯನ್ನು ಹಿಡಿಯ ತಲೆಯಲ್ಲಿ ತೂರಿಸಿ, ಅದರ ಎರಡು ತುದಿಗಳನ್ನೂ ಖಾನೆಯ ಮುಖದಲ್ಲಿ ಕೊರೆದ ಒಂದೇ ರಂಧ್ರದ ಮೂಲಕ ಒಳಕ್ಕೆ ಎಳೆದು, ಒಳಗೆ ಅವನ್ನು ಎಡಕ್ಕೊಂದು ಬಲಕ್ಕೊಂದು ಬಗ್ಗಿಸಿ ಮರಕ್ಕೆ ಬಡಿಯುತ್ತಿದ್ದರು. ಹಿಡಿಯು ಹೋದರೂ ಒಳಮೈಯಲ್ಲಿ ಒಂದು ರಂಧ್ರ, ಅದರ ಎರಡು ಪಕ್ಕಗಳಲ್ಲಿ ತಂತಿಯ ಮೊನೆ ನಾಟಿದ ಗಾಯ, ಇವು ಹೋಗವು. ತಂತಿಯು ಕಬ್ಬಿಣದ್ದಾಗಿ ಮರವು ಓಕ್ ಆಗಿದ್ದರೆ, ಆ ಮರದಲ್ಲಿರುವ ಒಗರಿನ ಅಂಶವು ಕಬ್ಬಿಣದೊಡನೆ ಕೂಡಿ ಶಾಯಿಯಂತೆ ಕಪ್ಪಾದ ಕಲೆಯೂ ಅಲ್ಲಿ ನಿಂತಿರುತ್ತದೆ.

18ನೆಯ ಶತಮಾನವು ಮೊದಲಾಗುವಾಗ ತೊಂಗಲಿನ ಬದಲು ಬಳೆಹಿಡಿಯು ಬಂದಿತು. ಎರಡು ಗೂಟಗಳ ನಡುವೆ ಬಾಗಿದ ಬಳೆ, ಹಿಂದೆ ಅಗಲವಾದ ತಗಡು. ಆದುದರಿಂದ ಮರದಲ್ಲಿ ಎರಡು ರಂಧ್ರಗಳು. ಮೊದಮೊದಲು ಇದನ್ನೂ ಮಡಿಚಿದ ತಂತಿಗಳಿಂದಲೇ ಬಿಗಿಯುತ್ತಿದ್ದರು. ಸುಮಾರು 1710ರಿಂದೀಚೆಗೆ ತಿರುಪು ಕೊರೆದ ಎರಕದ ಗೂಟವೂ ಒಳಗಿನಿಂದ ಬಿಗಿಯುವ ನಟ್ಟೂ ಬಳಕೆಗೆ ಬಂದುವು. ಹಿಂದಿನ ತಗಡು ವರ್ಷಕಳೆದಂತೆ ಅಗಲವಾಗುತ್ತ ಬಾವಲಿಯ ರೆಕ್ಕೆಯ ಆಕಾರವನ್ನು ತಾಳಿತು. ಮುಂದೆ ಅದರಲ್ಲಿ ಜಾಲಂಧ್ರದಂತೆ ಕಿಂಡಿಗಳನ್ನು ಕೊರೆಯತೊಡಗಿದರು. ಥಾಮಸ್ ಚಿಪ್ಪೆಂಡೇಲನು ತನ್ನ ಪ್ರಸಿದ್ಧವಾದ ಮಾದರಿಪುಸ್ತಕವನ್ನು ಪ್ರಕಟಿಸಿದುದು 1754ರಲ್ಲಿ. ಸುಮಾರು ಆ ಕಾಲದಿಂದ ಅಗಲವಾದ ತಗಡು ಮರೆಯಾಗುತ್ತ ಬಂದು, ಗೂಟಕ್ಕೊಂದರಂತೆ ಎರಡು ಸಣ್ಣ ಹೂಬಿಲ್ಲೆಗಳೂ ಅವುಗಳ ನಡುವೆ ಹಂಸದ ಕೊರಳಿನಂತೆ ಬಳುಕಿದ ಬಳೆಯೂ ರೂಢಿಗೆ ಬಂದುವು. ನಮ್ಮ ಮನೆಯ ಪೆಟ್ಟಿಗೆಯಲ್ಲಿದ್ದುದು ಈ ಹಂಸಕಂಠದ ಹಿಡಿಯೇ. 1780ರ ಸುಮಾರಿಗೆ ಅಂಡಾಕಾರದ ತೆಳುತಗಡಿನ ಹಿಡಿಗಳು, 19ನೆಯ ಶತಮಾನದ ಆದಿಯಲ್ಲಿ ಸಿಂಹಮುಖದಲ್ಲಿ ತೂಗುವ ದುಂಡುಬಳೆಗಳು, ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಡೆದ ಮರದ ದೊಡ್ಡ ಗುಬುಟುಗಳು, ಹೀಗೆ ರುಚಿಯು ಬದಲಾಗುತ್ತ ಹೋಯಿತು. ಮರದ ಗುಬುಟಿನ ಬಾಲವು ದಪ್ಪವಾದುದರಿಂದ ಅದಕ್ಕೆ ಹೆಬ್ಬೆರಳು ಹಿಡಿಸುವಂಥ ಒಂದೊಂದೇ ದೊಡ್ಡ ರಂಧ್ರವು ಬೇಕಾಗುತ್ತಿತ್ತು.

ಹಿಡಿಯ ಆಕಾರದಂತೆ ಅದರ ಲೋಹವೂ ಕಾಲವನ್ನು ಹೇಳುತ್ತದೆ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವುಗಳ ಮಿಶ್ರಣವೆಂದು ಎಲ್ಲರೂ ಬಲ್ಲರು. ಆದರೆ ಯೂರೋಪಿನವರು ಸತುವನ್ನು ಪ್ರತ್ಯೇಕವಾಗಿ ತೆಗೆಯಲು ಬಹುಕಾಲ ಅರಿಯದವರಾಗಿದ್ದರು. ಸತುವು ಸುಮಾರು 907 ಡಿಗ್ರಿ ಸೆಂಟಿಗ್ರೇಡು ಉಷ್ಣಕ್ಕೆ ಆವಿಯಾಗಿಬಿಡುತ್ತದೆ. ಅದಿರಿನಿಂದ ಅದು ಬಿಡಿಸಿಕೊಳ್ಳಬೇಕಾದರೆ ಅದಕ್ಕಿಂತ ಹೆಚ್ಚಿನ ಉಷ್ಣವು ಬೇಕು. ಆದುದರಿಂದ ಬಿಡುಗಡೆಯಾದೊಡನೆಯೇ ಹಾರಿಹೋಗುವ ಲೋಹವದು. ಈ ಕಾರಣದಿಂದ ಅವರು ತಾಮ್ರದ ಚೂರುಗಳನ್ನು ಸತುವಿನ ಅದಿರು ಮತ್ತು ಇದ್ದಿಲಿನ ಪುಡಿಯೊಡನೆ ಮೂಸೆಯಲ್ಲಿ ಮುಚ್ಚಿ ಕಾಯಿಸುತ್ತಿದ್ದರು. ಆವಿಯಾದ ಸತುವನ್ನು ತಾಮ್ರವು ಹೀರಿಕೊಂಡು ಹಿತ್ತಾಳೆಯಾಗುತ್ತಿತ್ತು. ಆದರೆ ಈ ಕ್ರಮದಿಂದ ಹಿತ್ತಾಳೆಯಲ್ಲಿ ಸತುವಿನ ಪಾಲು ನೂರಕ್ಕೆ ಸುಮಾರು ಮೂವತ್ತನ್ನು ಹೆಚ್ಚಾಗಿ ಮೀರುವುದಿಲ್ಲ.

ಇಲ್ಲಿ ನಮ್ಮ ದೇಶದ ಒಂದು ಸಂಗತಿಯನ್ನು ಸ್ಮರಿಸುವುದು ಯುಕ್ತವಾಗಿದೆ. ಹಾರಿಹೋಗುವ ಈ ಲೋಹವನ್ನು ಹಿಡಿದು ನಿಲ್ಲಿಸುವ ಉಪಾಯವನ್ನು ರಾಜಸ್ಥಾನದ ಉದಯಪುರಕ್ಕೆ ಸಮೀಪದ ಜಾವರದ ಗಣಿಗಾರರು ಯೂರೋಪಿನವರಿಗಿಂತ ಕೆಲವು ಶತಮಾನಗಳ ಮೊದಲೇ ಬಲ್ಲವರಾಗಿದ್ದರು. ರಸರತ್ನಸಮುಚ್ಚಯವೆಂಬ ಸಂಸ್ಕೃತಗ್ರಂಥದಲ್ಲಿ ಬದನೆಕಾಯಿಯ ಆಕಾರದ ವೃಂತಾಕಮೂಷೆಯಿಂದ ಇದನ್ನು ತೆಗೆಯುವ ಕ್ರಮವು ವರ್ಣಿತವಾಗಿದೆ. ಜಾವರದಲ್ಲಿ ಅಂಥ ಮೂಸೆಗಳ ಅವಶೇಷಗಳು ರಾಶಿರಾಶಿಯಾಗಿ ದೊರೆತಿವೆ. ನಮ್ಮ ಬೀದರಿನ ಕುಶಲಕರ್ಮಿಗಳು ಬಿದರಿಯ ಪಾತ್ರೆಗಳನ್ನು ಎರೆಯುವುದೂ ಬಹುಭಾಗ ಸತುವೇ ಆದ ಮಿಶ್ರಲೋಹದಿಂದ. ಇಂಗ್ಲೆಂಡಿನಲ್ಲಿಯಾದರೋ ಬ್ರಿಸ್ಟಲಿನ ವಿಲಿಯಂ ಚಾಂಪಿಯನ್ನನು ಸತುವನ್ನು ಭಟ್ಟಿಯಿಳಿಸುವ ವಿಧಾನಕ್ಕೆ ಸನ್ನದನ್ನು ಪಡೆದುದು 1738ರಲ್ಲಿ. ತಾಮ್ರ ಮತ್ತು ಸತುವುಗಳನ್ನು ನೇರವಾಗಿ ಕರಗಿಸಿ ಕೂಡಿಸುವ ಕ್ರಮಕ್ಕೆ ಜೇಮ್ಸ್ ಎಮರ್ಸನ್ನನು ಸನ್ನದನ್ನು ಪಡೆದುದು 1781ರಲ್ಲಿ. ನೂರಕ್ಕೆ ಸುಮಾರು ನಲವತ್ತು ಪಾಲು ಸತುವುಳ್ಳ ಮಂಟ್ಸನ ಲೋಹವು ಬಂದುದು 1832ರಲ್ಲಿ. ಆದುದರಿಂದ 1700ರ ಹಿಡಿಯೆಂದು ಮಾರಿದ ವಸ್ತುವಿನಲ್ಲಿ ಸತುವು ನೂರಕ್ಕೆ ನಲವತ್ತರಷ್ಟು ಕಂಡುಬಂದರೆ, ಅದರ ವಯಸ್ಸಿನ ವಿಷಯದಲ್ಲಿ ಮಾರಿದವನು ಹೇಳಿದ ಮಾತನ್ನು ನಂಬಲಾಗದು.

ಇನ್ನು ಈ ಹಿಡಿಗಳನ್ನು ಮಾಡುತ್ತಿದ್ದ ಬಗೆ. ಮರದ ಅಥವಾ ಲೋಹದ ಮಾದರಿಯನ್ನು ತೇವದ ಮರಳಿನಲ್ಲಿ ಒತ್ತಿ, ತೆಗೆದು, ಉಳಿದ ಪಡಿಯಚ್ಚಿಗೆ ಕರಗಿದ ಹಿತ್ತಾಳೆಯನ್ನು ಎರೆಯುತ್ತಿದ್ದರು. ಆ ಮೇಲೆ ಮುಂಭಾಗವನ್ನು ಅರದಿಂದ ಉಜ್ಜಿ ಹೊಳಪು ಮಾಡುತ್ತಿದ್ದರು. ಹಿಂಭಾಗವು ಗೋಡೆಗೆ ತಿರುಗಿದ ಮುಖದಂತೆ ಯಾರಿಗೂ ಕಾಣದಾದುದರಿಂದ ಅಲ್ಲಿ ಮರಳಿನ ತರಿಯೂ ಅರದ ಗೀರೂ ಹಾಗೆಯೇ ಉಳಿಯುತ್ತಿದ್ದುವು. ಹಳೆಯ ಹಿಡಿಯನ್ನು ಪರೀಕ್ಷಿಸುವವನು ಮೊದಲು ಅದರ ಬೆನ್ನನ್ನು ನೋಡುವುದು ಇದಕ್ಕಾಗಿಯೇ. ಕೊನೆಯದಾಗಿ ಅದಕ್ಕೆ ಹೊನ್ನಿನ ಬಣ್ಣದ ಮೆರುಗೆಣ್ಣೆಯನ್ನು ಬಳಿಯುತ್ತಿದ್ದರು. ಆ ಮೆರುಗೆಣ್ಣೆಯ ಮುಖ್ಯದ್ರವ್ಯವು ಅರಗು. ಅದು ಹೋದುದು ಭಾರತದ ಕಾಡುಗಳಿಂದ. ಬಣ್ಣಕ್ಕಾಗಿ ಅದರಲ್ಲಿ ಅರಿಸಿನ, ಕುಂಕುಮಕೇಸರಿ ಮೊದಲಾದುವನ್ನು ಕೂಡಿಸುತ್ತಿದ್ದರು. ಅಂದಮೇಲೆ ನಾವು ಹಿತ್ತಾಳೆಯನ್ನು ಕಂಡೊಡನೆ ಹುಣಿಸೆಹಣ್ಣನ್ನು ಹಚ್ಚಿ ತಿಕ್ಕುವ ಪದ್ಧತಿಯು ದೇವರ ಪಾತ್ರೆಗಳಿಗೆ ಎಷ್ಟು ಒಳ್ಳೆಯದೋ ಹಳೆಯ ಹಿಡಿಗಳಿಗೆ ಅಷ್ಟೇ ಕೆಟ್ಟದು. ಹುಳಿಯು ಮೆರುಗನ್ನೂ ಅದರೊಡನೆ ಮೂಲದ ಬಣ್ಣದ ಸಾಕ್ಷ್ಯವನ್ನೂ ತೊಳೆದುಬಿಡುತ್ತದೆ.

ಈ ವ್ಯಾಪಾರದ ಕೇಂದ್ರವು ಬರ್ಮಿಂಗ್‍ಹ್ಯಾಂ ಪಟ್ಟಣವಾಗಿದ್ದಿತು. 1769ರಲ್ಲಿ ಜಾನ್ ಪಿಕರಿಂಗನೆಂಬವನು ಲೋಹದ ತಗಡನ್ನು ಅಚ್ಚಿನ ಮೇಲಿಟ್ಟು ಭಾರವನ್ನು ಬೀಳಿಸಿ ಉಬ್ಬುಚಿತ್ರವನ್ನು ಮೂಡಿಸುವ ವಿಧಾನಕ್ಕೆ ಸನ್ನದನ್ನು ಪಡೆದನು. ಮೇಲೆ ಹೇಳಿದ ಅಂಡಾಕಾರದ ಹಿಡಿಗಳು ಈ ವಿಧಾನದ ಸಂತಾನವೇ. ಎರಕದ ತಗಡಿನ ದಪ್ಪವು ಒಂದೊಂದು ಕಡೆ ಒಂದೊಂದು ತೆರನಾಗಿರುತ್ತದೆ; ಒತ್ತಿದ ತಗಡು ಕಾಗದದಂತೆ ಎಲ್ಲೆಲ್ಲಿಯೂ ಸಮನಾಗಿದ್ದು ಬೆನ್ನಿನಲ್ಲಿ ಚಿತ್ರದ ತಗ್ಗನ್ನು ತೋರಿಸುತ್ತದೆ. ಬರ್ಮಿಂಗ್‍ಹ್ಯಾಮಿನ ವ್ಯಾಪಾರಿಗಳು ತಮ್ಮ ಸರಕಿನ ಚಿತ್ರಗಳನ್ನು ತಾಮ್ರಫಲಕದಲ್ಲಿ ಕೊರೆದು ಅಚ್ಚು ಹಾಕಿಸಿ, ಸಂಖ್ಯೆಗಳನ್ನು ಕೊಟ್ಟು, ಪುಸ್ತಕಗಳಾಗಿ ಕಟ್ಟಿ ಪರಸ್ಥಳಗಳಿಗೆ ಕಳುಹಿಸುತ್ತಿದ್ದರು. ಅಂಥ ಪುಸ್ತಕಗಳಲ್ಲಿ ಹಲವುಗಳ ಮೇಲೆ ತಯಾರಿಸಿದವನ ಹೆಸರೇ ಇರುವುದಿಲ್ಲ. ನಡುವಿನ ವ್ಯಾಪಾರಿಯು ಅದನ್ನು ತೋರಿಸಿ ಗಿರಾಕಿಯಿಂದ ಬೇಡಿಕೆಯನ್ನು ಪಡೆಯುತ್ತಿದ್ದುದರಿಂದ, ಗಿರಾಕಿಯು ತನ್ನನ್ನು ಬಿಟ್ಟು ನೇರವಾಗಿ ಮೂಲದವನಿಗೆ ಬರೆಯಬಾರದೆಂಬ ಎಚ್ಚರವು ಇದಕ್ಕೆ ಕಾರಣವೆಂದು ಊಹಿಸಬಹುದು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿಯೂ ಅಮೆರಿಕದ ಡೆಲವೇರ್ ಸಂಸ್ಥಾನದ ವಿಂಟರ್‍ತೂರಿನಲ್ಲಿಯೂ ಅವು ರಕ್ಷಿಸಲ್ಪಟ್ಟಿವೆ. ಕಳೆದುಹೋದ ಹಿಡಿಯ ಜೋಡಿಯನ್ನು ಹುಡುಕುವವರಿಗೆ ಇಂದು ಅವೇ ನಿಘಂಟುಗಳು.

ಹಿಡಿಯೊಡನೆ ಬೀಗ ಮತ್ತು ತಿರುಪುಗಳ ಮಾತನ್ನೂ ಹೇಳಬೇಕು. ಜೋಸೆಫ್ ಬ್ರಾಮನು ತನ್ನ ಬೀಗಕ್ಕೆ ಸನ್ನದನ್ನು ಪಡೆದುದು 1784ರಲ್ಲಿ. ಆದುದರಿಂದ ಬ್ರಾಮನ ಬೀಗವುಳ್ಳ ಬರಹದ ಮೇಜು ಅದಕ್ಕಿಂತ ಹಳೆಯದಾಗಿರಲಾರದು, ಅಥವಾ ಅದರ ಬೀಗವು ಅನಂತರ ಹಾಕಿದುದಾಗಿರಬೇಕು. ಮರದ ತಿರುಪುಗಳನ್ನು ಯಂತ್ರದಿಂದ ಮಾಡಲು ಜಾಬ್ ಮತ್ತು ವಿಲಿಯಂ ವ್ಯಾಟ್ ಎಂಬ ಸಹೋದರರು 1760ರಲ್ಲಿ ಸನ್ನದನ್ನು ಪಡೆದಿದ್ದರೂ ಬಹುಕಾಲ ತಿರುಪುಗಳ ತುದಿಯು ಮೊಂಡಾಗಿಯೇ ಇದ್ದಿತು. ಮೊನೆಯುಳ್ಳ ತಿರುಪಿನ ಯಂತ್ರಕ್ಕೆ ನ್ಯೂಯಾರ್ಕಿನ ಥಾಮಸ್ ಸ್ಲೋನನು 1846ರಲ್ಲಿ ಸನ್ನದನ್ನು ಪಡೆದನು. 1854ರಲ್ಲಿ ಅದರ ಹಕ್ಕನ್ನು ಬರ್ಮಿಂಗ್‍ಹ್ಯಾಮಿಗೆ ತಂದವರು ನೆಟಲ್‍ಫೋಲ್ಡ್ ಮತ್ತು ಚೇಂಬರ್ಲೇನ್ ಕುಟುಂಬದವರು. ಮುಂದೆ ಬ್ರಿಟಿಷ್ ಸಾಮ್ರಾಜ್ಯದ ವಸಾಹತು ಮಂತ್ರಿಯಾದ ಜೋಸೆಫ್ ಚೇಂಬರ್ಲೇನನು ತರುಣನಾಗಿ ಆ ಊರಿಗೆ ಬಂದುದು ಈ ತಿರುಪಿನ ವ್ಯಾಪಾರಕ್ಕಾಗಿಯೇ. ಹೀಗೆ ಮೊಂಡುತುದಿಯ ತಿರುಪೋ ಮೊನೆಯ ತಿರುಪೋ ಎಂಬಷ್ಟರಿಂದಲೇ ಒಂದು ಕೀಲನ್ನು ಬಿಗಿದ ಕಾಲವನ್ನು ಒಂದು ಮಟ್ಟಿಗೆ ನಿರ್ಣಯಿಸಬಹುದಾಗಿದೆ.

ನಟ್ಟುಗಳ ಕಥೆಯು ಇದಕ್ಕಿಂತ ವಿಚಿತ್ರವಾದುದು. ಜೋಸೆಫ್ ವಿಟ್ವರ್ತನು ತಿರುಪಿನ ಸುತ್ತುಗಳಿಗೆ ಏಕರೀತಿಯ ಅಳತೆಯನ್ನು ಸೂಚಿಸಿದುದು 1841ರಲ್ಲಿ. ಅದಕ್ಕೆ ಮೊದಲು ಒಂದೊಂದು ಕಾರ್ಖಾನೆಯ ಸುತ್ತು ಒಂದೊಂದು ತೆರನಾಗಿತ್ತು. ಒಂದು ಗೂಟದ ನಟ್ಟು ಮತ್ತೊಂದಕ್ಕೆ ಕೂಡದೆ ಹೋಗುವುದು ಸಾಮಾನ್ಯವಾಗಿದ್ದಿತು. ಹಳೆಯ ಪೆಟ್ಟಿಗೆಯ ಹಿಡಿಗಳನ್ನು ಬಿಚ್ಚುವವನು ಪ್ರತಿಯೊಂದು ನಟ್ಟನ್ನೂ ಅದರದೇ ಗೂಟಕ್ಕೆ ಕೂಡಲೇ ತೊಡಿಸಿಡಬೇಕೆಂದು ಬಲ್ಲವರು ಹೇಳುವುದಕ್ಕೆ ಕಾರಣವಿದೇ. ಎಲ್ಲವನ್ನೂ ಒಂದು ಬಟ್ಟಲಿಗೆ ಸುರಿದವನು ಮರುದಿನ ಸಂಸಾರಗಳನ್ನು ಬೆರಸಿಬಿಟ್ಟ ಪಾಪಕ್ಕೆ ಗುರಿಯಾಗುತ್ತಾನೆ!

ಈ ಎಲ್ಲ ವಿಷಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಪೆಟ್ಟಿಗೆಯ ಖಾನೆಗಳನ್ನು ಒಂದೊಂದಾಗಿ ಹೊರಗೆಳೆದು, ದೀಪವನ್ನು ಹಿಡಿದು, ಒಳಮೈಯನ್ನು ನೋಡಿದೆವು. ಪ್ರತಿಯೊಂದು ಹಿಡಿಯ ಸ್ಥಳದಲ್ಲಿಯೂ ನಿರೀಕ್ಷಿಸಿದಂತೆ ಎರಡು ಸಣ್ಣ ರಂಧ್ರಗಳಿದ್ದುವು. ಆದರೆ ಆ ಎರಡರ ನಡುವೆ, ಸುಮಾರು ಮುಕ್ಕಾಲು ಅಂಗುಲ ಅಗಲದ ಒಂದು ದುಂಡಾದ ಮರದ ಬೆಣೆಯು ಕಂಡಿತು. ಹೊರಮುಖದಲ್ಲಿ ಬಳೆಯ ಹಿಂದೆ ಇದ್ದ ಕಪ್ಪುಚುಕ್ಕೆಯನ್ನು ನಾವು ಇಷ್ಟು ವರ್ಷವೂ ಮರದ ಗಂಟೆಂದೇ ತಿಳಿದಿದ್ದೆವು. ಎಂಟು ಸ್ಥಳಗಳಲ್ಲಿ ಒಂದೇ ಅಳತೆಯ ಗಂಟು ಯಾವ ಮರದಲ್ಲಿಯೂ ಬೆಳೆಯಲಾರದು. ಅಂದರೆ ಈ ಪೆಟ್ಟಿಗೆಯು ಹುಟ್ಟಿದಾಗ ಅದಕ್ಕೆ ಮರದ ಗುಬುಟುಗಳಿದ್ದುವು. ನಾವು ಮೂಲದವೆಂದು ನಂಬಿ ಉಳಿಸಿಕೊಳ್ಳಬೇಕೆಂದಿದ್ದ ಹಂಸಕಂಠದ ಹಿಡಿಗಳೇ ಬದಲಿಗೆ ಬಂದವು! ಪೆಟ್ಟಿಗೆಯು 19ನೆಯ ಶತಮಾನದ್ದು. ಅದರ ಮೈಮೇಲೆ 18ನೆಯ ಶತಮಾನದ ಶೈಲಿಯ ಆಭರಣ.

ಇದು ನಮ್ಮ ಪೆಟ್ಟಿಗೆಯೊಂದರ ಕಥೆಯಲ್ಲ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನವರಿಗೆ ತಮ್ಮ ಮುತ್ತಜ್ಜಂದಿರ ಕಾಲದ ಪೀಠೋಪಕರಣಗಳ ಮೇಲೆ ಪುನಃ ಮೋಹವುಂಟಾಯಿತು. ಆಗ ಗುಬುಟುಗಳನ್ನು ಕಿತ್ತು ಹಿತ್ತಾಳೆಯ ಹಿಡಿಗಳನ್ನು ಹಾಕುವುದು ಮನೆಯವರಲ್ಲಿಯೂ ವ್ಯಾಪಾರಿಗಳಲ್ಲಿಯೂ ರೂಢಿಯಾಯಿತು. ಅದಕ್ಕೆ ಹಿಂದೆ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ನಿಜವಾದ ಹಳೆಯ ಹಿಡಿಗಳನ್ನು ಕಿತ್ತು ಗುಬುಟುಗಳನ್ನು ಹಾಕಿದವರೂ ಇದ್ದರು. ಹಾಗೆ ಒಂದೇ ಖಾನೆಯ ಮುಖದಲ್ಲಿ ಮೂರು ನಾಲ್ಕು ತಲೆಮಾರುಗಳ ಅಭಿರುಚಿಯು ರಂಧ್ರಗಳ ಲಿಪಿಯಲ್ಲಿ ಬರೆಯಲ್ಪಟ್ಟಿರುವುದುಂಟು. ಹಳೆಯ ತಗಡಿನ ಕೆಳಗಿದ್ದ ಮರಕ್ಕೆ ಬೆಳಕೂ ಎಣ್ಣೆಯೂ ಸೋಂಕದುದರಿಂದ ಅಲ್ಲಿ ತಗಡಿನ ನೆರಳು ಬೇರೆ ಬಣ್ಣದಲ್ಲಿ ನಿಂತಿರುತ್ತದೆ. ಆ ನೆರಳಿನ ಅಂಚನ್ನು ಕಾಗದದ ಮೇಲೆ ಬರೆದುಕೊಂಡು ಮಾದರಿಪುಸ್ತಕದ ಚಿತ್ರಗಳೊಡನೆ ಹೋಲಿಸಿದರೆ ಕಾಣದ ಹಿಡಿಯ ರೂಪವು ಎಷ್ಟೋ ವೇಳೆ ಗೊತ್ತಾಗುತ್ತದೆ. ಮೇಣವನ್ನು ತುಂಬಿ, ಮೈಯನ್ನು ಹೆರೆದು, ಬಣ್ಣವನ್ನು ಬಳಿದರೆ ಈ ಬರಹವು ಅಳಿಸಿಹೋಗುತ್ತದೆ. ಅದನ್ನು ಪುನಃ ಓದಲು ಯಾವ ಪಂಡಿತನಿಂದಲೂ ಆಗದು.

ಹಾಗಾದರೆ ಎಂಟನೆಯ ಹಿಡಿಗೆ ಏನು ಮಾಡಬೇಕು? ಮಾರ್ಗಗಳು ಮೂರು. ಒಂದು, ಅದೇ ಕಾಲದ ಹಳೆಯ ಹಿಡಿಯನ್ನು ಹುಡುಕಿ ತರುವುದು. ಗೂಟದಿಂದ ಗೂಟಕ್ಕಿರುವ ದೂರವು ಸರಿಹೊಂದಿದರೆ ಇದು ಸುಲಭ. ಆದರೆ ಒಂದು ಪೆಟ್ಟಿಗೆಗೆ ಒಡವೆಯಾಗಲೆಂದು ಮತ್ತೊಂದು ಪೆಟ್ಟಿಗೆಯನ್ನು ಬರಿದುಮಾಡಿದಂತಾಗಬಾರದು. ಎರಡು, ಅಂಗಡಿಯಲ್ಲಿ ದೊರೆಯುವ ಹೊಸ ಹಿಡಿಯನ್ನು ಕೊಳ್ಳುವುದು. ಹಳೆಯ ಶೈಲಿಯನ್ನು ಅನುಸರಿಸಿದ ಹಿಡಿಗಳು ಇಂದು ಬೇಕಾದಷ್ಟು ಬರುತ್ತವೆ. ಅವುಗಳ ಅಳತೆಯು ಹಳೆಯ ರಂಧ್ರಗಳಿಗೆ ಕೂಡದೆ ಹೊಸ ರಂಧ್ರವನ್ನು ಕೊರೆಯಬೇಕಾಗಿ ಬರುವುದೇ ಇಲ್ಲಿಯ ದೋಷ. ಮೂರು, ಉಳಿದುದನ್ನು ಮಾದರಿಯಾಗಿಟ್ಟು ಹೊಸದನ್ನು ಎರೆಯಿಸುವುದು. ನಾವು ಮೂರನೆಯದನ್ನೇ ಆರಿಸಿಕೊಂಡೆವು.

ನಮ್ಮ ಕಡೆಯ ಕಂಚುಗಾರನೊಬ್ಬನು ಈ ಕೆಲಸವನ್ನು ಒಪ್ಪಿಕೊಂಡನು. ಏಳರಲ್ಲಿ ಒಂದನ್ನು ಬಿಚ್ಚಿ ಕೊಟ್ಟೆವು. ಎರಡು ವಾರಗಳ ಮೇಲೆ ಅವನು ತಂದ ಹಿಡಿಯು ನೋಡಲು ಪಡಿಯಚ್ಚಾಗಿದ್ದರೂ ಗೂಟಗಳಿಗೆ ತೊಡಿಸಹೋದರೆ ಬಳೆಯು ಸೇರಲಿಲ್ಲ. ಅರೆನೂಲಿಗೂ ಕಡಿಮೆ, ಆದರೂ ಗಿಡ್ಡ. ಕೆಲಸವು ಕೆಟ್ಟಿತೆಂದು ನಾವು ಬೇಸರಗೊಂಡೆವು. ಅವನು ನಕ್ಕು, "ಹಿತ್ತಾಳೆಯು ಆರುವಾಗ ಮೈಯನ್ನು ಸೇದಿಕೊಳ್ಳುತ್ತದೆ, ಸ್ವಾಮಿ. ಮಾದರಿಯನ್ನೇ ಹಿಗ್ಗಿಸಿ ಮಾಡಬೇಕು" ಎಂದನು. ಆ ಮಾತು ನಿಜವಾದುದು. ಹಿತ್ತಾಳೆಯು ಗಟ್ಟಿಯಾಗಿ ತಣ್ಣಗಾಗುವಾಗ ನೂರಕ್ಕೆ ಸುಮಾರು ಒಂದೂವರೆಯಷ್ಟು ಕುಗ್ಗುತ್ತದೆ. ಮೂರು ಅಂಗುಲದ ಬಳೆಯಲ್ಲಿ ಇದು ಅಂಗುಲದ ಇಪ್ಪತ್ತನೆಯ ಒಂದು ಪಾಲಿಗೆ ಸಮೀಪವಾಗುತ್ತದೆ. ಎರಕದ ಮಾದರಿಗಳನ್ನು ಮಾಡುವವರು ಇದಕ್ಕಾಗಿಯೇ ಅಷ್ಟರಮಟ್ಟಿಗೆ ಹಿಗ್ಗಿಸಿದ ಅಳತೆಕೋಲನ್ನು ಬಳಸುತ್ತಾರೆ. ಅವನು ಹಳೆಯ ಹಿಡಿಯನ್ನು ನೋಡಿಕೊಂಡು ಮೇಣದಲ್ಲಿ ತುಸು ದೊಡ್ಡದಾದ ಬೇರೆ ಮಾದರಿಯನ್ನು ಮಾಡಿ, ಮಣ್ಣನ್ನು ಮೆತ್ತಿ, ಮೇಣವನ್ನು ಕರಗಿಸಿ ತೆಗೆದು, ಲೋಹವನ್ನು ಎರೆದನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ತನ್ನ ಮಾನಸೋಲ್ಲಾಸದಲ್ಲಿ ವಿಗ್ರಹಗಳನ್ನು ಎರೆಯುವುದಕ್ಕೆ ವಿವರಿಸಿದ ಕ್ರಮವೂ ಇದೇ. ಬರ್ಮಿಂಗ್‍ಹ್ಯಾಮಿನ ಮರಳಚ್ಚಿನ ರೂಪವು ಹೀಗೆ ನಮ್ಮ ನಾಡಿನ ಮೇಣದಚ್ಚಿನಿಂದ ಪುನಃ ಹುಟ್ಟಿ ಬಂದಿತು. ಈ ಸಲ ಬಳೆಯು ಗೂಟಗಳಲ್ಲಿ ಸರಿಯಾಗಿ ಕುಳಿತಿತು.

ಈ ಕುಗ್ಗುವಿಕೆಯಿಂದ ಒಂದು ಉಪಕಾರವೂ ಉಂಟು. ಮೂಲವನ್ನೇ ಮಾದರಿಯಾಗಿಟ್ಟು ಎರೆದ ಪ್ರತಿಯು ಮೂಲಕ್ಕಿಂತ ಸಣ್ಣದಾಗುತ್ತದೆ. ಪ್ರತಿಯ ಪ್ರತಿಯು ಇನ್ನೂ ಸಣ್ಣದಾಗುತ್ತದೆ. ಆದುದರಿಂದ ಮೂಲವೆಂದು ಹೇಳಿ ಪ್ರತಿಯನ್ನು ಮಾರುವವನ ಮೋಸವು ಅಳತೆಕೋಲಿಗೆ ಸಿಕ್ಕಿಬೀಳುವ ಸಂಭವವಿದೆ. ಪ್ರತಿಯನ್ನು ಮಾಡುವುದರಲ್ಲಿ ದೋಷವಿಲ್ಲ. ಪ್ರತಿಯನ್ನು ಮೂಲವೆನ್ನುವುದರಲ್ಲಿ ದೋಷ. ವಿಲಿಯಂ ಮಾರಿಸನು 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗಾಗಿ ಲಂಡನ್ನಿನಲ್ಲಿ ಸಂಘವನ್ನು ಸ್ಥಾಪಿಸಿದಾಗ ಹಳೆಯ ಮೈಯನ್ನು ಹೆರೆದು ಹೊಸತಾಗಿ ಮಾಡುವುದನ್ನೇ ಮುಖ್ಯವಾಗಿ ವಿರೋಧಿಸಿದನು. 1964ರ ವೆನಿಸ್ ಸನ್ನದಿನಲ್ಲಿಯೂ, ಕಳೆದುಹೋದ ಅಂಗಕ್ಕೆ ಬದಲಾಗಿ ಹಾಕಿದುದು ಒಟ್ಟಿನೊಡನೆ ಹೊಂದಿಕೊಂಡಿರಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತಿಸುವಂತೆಯೂ ಇರಬೇಕೆಂಬ ನಿಯಮವಿದೆ. ಕಟ್ಟಡಗಳಿಗಾಗಿ ಹೇಳಿದ ಈ ನಿಯಮವು ಪೆಟ್ಟಿಗೆಗೂ ಸಲ್ಲುತ್ತದೆಂದು ನಮ್ಮ ಅಭಿಪ್ರಾಯ.

ಇಲ್ಲಿ ಒಂದು ಆಕ್ಷೇಪವು ಬರಬಹುದು: "ಮೂಲದಲ್ಲಿ ಗುಬುಟುಗಳಿದ್ದುವೆಂದು ಗೊತ್ತಾದ ಮೇಲೆ ಹಿತ್ತಾಳೆಯನ್ನು ತೆಗೆದು ಗುಬುಟುಗಳನ್ನೇ ಮಾಡಿಸುವುದು ನ್ಯಾಯವಲ್ಲವೇ?" ನಾವೂ ಇದನ್ನು ಕುರಿತು ಬಹಳ ಯೋಚಿಸಿದೆವು. ಆದರೆ ಗುಬುಟುಗಳಲ್ಲಿ ಒಂದೂ ಉಳಿದಿಲ್ಲ. ಅವುಗಳ ಆಕಾರವನ್ನು ನಾವು ಕಲ್ಪಿಸಬೇಕಾಗುತ್ತದೆ. ಹಿಡಿಗಳಾದರೋ ಏಳು ಕಣ್ಣೆದುರಿಗಿವೆ. ನಮ್ಮ ಹಿರಿಯರು ಮೂರು ತಲೆಮಾರುಗಳಿಂದ ಹಿಡಿದೆಳೆದುದು ಅವನ್ನೇ. ಅವರ ಬೆರಳುಗಳು ಸವೆಸಿದ ಬಳೆಗಳವು. ಹಿಂದಿನವನೊಬ್ಬನು ಮಾಡಿದ ಬದಲಾವಣೆಯೂ ಪೆಟ್ಟಿಗೆಯ ಆಯುಷ್ಯದಲ್ಲಿ ನಡೆದ ಘಟನೆಯೇ ಅಲ್ಲವೆ? ಅದನ್ನು ತೆಗೆದುಹಾಕಿ ಕಲ್ಪಿತವಾದ ಮೂಲಕ್ಕೆ ಮರಳುವುದಕ್ಕಿಂತ, ಇರುವುದನ್ನು ಇದ್ದಂತೆ ಇಟ್ಟು ಬೆಣೆಗಳನ್ನು ಮುಟ್ಟದೆ ಬಿಡುವುದು ಲೇಸೆಂದು ತೀರ್ಮಾನಿಸಿದೆವು.

ಹೊಸ ಹಿಡಿಯ ಬೆನ್ನಿನಲ್ಲಿ ಅದನ್ನು ಎರೆದ ವರ್ಷವನ್ನು ಕಂಚುಗಾರನಿಂದಲೇ ಉಳಿಯಿಂದ ಕೊರೆಯಿಸಿದೆವು. ಮುಂದಿನಿಂದ ನೋಡುವವರಿಗೆ ಎಂಟೂ ಒಂದೇ. ಬಿಚ್ಚಿ ನೋಡುವವನಿಗೆ ಯಾವುದು ಹೊಸದೆಂಬುದು ಸ್ಪಷ್ಟ. ಬೆಣೆಗಳ ಸಂಗತಿಯನ್ನೂ ಅಳತೆಗಳನ್ನೂ ಒಂದು ಕಾಗದದಲ್ಲಿ ಬರೆದು ಕೆಳಗಿನ ಖಾನೆಯ ತಳಕ್ಕೆ ಅಂಟಿಸಿದೆವು. ಮೊದಲು ಬಂದ ಬಡಗಿಯು ಇದನ್ನು ನೋಡಿ, ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಬರಹವೇ ಎಂದು ಆಶ್ಚರ್ಯಪಟ್ಟನಾದರೂ, ಖಾನೆಗಳನ್ನು ಹಿಂದಿರುಗಿ ತಳ್ಳುವ ಮೊದಲು ಒಂದೊಂದರ ಬೆಣೆಯ ಮೇಲೂ ಬೆರಳಾಡಿಸಿ, "ಕೂಡಿಸಿದವನು ಒಳ್ಳೆಯ ಕೆಲಸಗಾರ" ಎಂದನು.

ನಮ್ಮ ಜಿಲ್ಲೆಯ ಹಳೆಯ ಮನೆಗಳು ವರ್ಷವರ್ಷಕ್ಕೂ ಉರುಳುತ್ತಿವೆ. ಅವುಗಳ ಬಾಗಿಲು, ಪೆಟ್ಟಿಗೆ, ಕಪಾಟುಗಳು ಗುಜರಿಯ ತಕ್ಕಡಿಗೆ ಹೋಗುತ್ತಿವೆ. ಅಲ್ಲಿ ಹಿತ್ತಾಳೆಗೆ ತೂಕದ ಬೆಲೆಯಲ್ಲದೆ ಬೇರೆ ಬೆಲೆಯಿಲ್ಲ. ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಹಳೆಯ ಹಿಡಿಯನ್ನು ಕೀಳಬೇಕಾಗಿ ಬಂದರೆ ಕಿತ್ತುದನ್ನು ಅದರ ನಟ್ಟಿನೊಡನೆ ಒಂದು ಚೀಲದಲ್ಲಿ ಹಾಕಿ ಅದೇ ಪೆಟ್ಟಿಗೆಯೊಳಗೆ ಇಡಿರಿ. ಹಳೆಯ ರಂಧ್ರವನ್ನು ಮುಚ್ಚಬೇಕಾದರೆ ಮೊದಲು ಅದರ ಅಳತೆಯನ್ನು ಬರೆದಿಡಿರಿ. ಮುಂದೆ ಎಂದಾದರೊಂದು ದಿನ ನಿಮ್ಮ ಮನೆಯ ಮಗುವೊಂದು ದೀಪವನ್ನು ಹಿಡಿದು ಖಾನೆಯ ಒಳಗನ್ನು ನೋಡಿದರೆ, ಓದಲು ಅಲ್ಲಿ ಏನಾದರೂ ಉಳಿದಿರಲಿ.